ಕಾರು ಕೊಳ್ಳುವಾಗಲೂ ಹಲ್ಲು ನೋಡಿ



ಪಶುವೈದ್ಯಾಧಿಕಾರಿ ಬರೆಯುವ ಪುಟ ಎಂದರೆ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ ಇವೇ ಇರುತ್ತವೆ ಎಂದು ನೀವು ಅಂದುಕೊಂಡಿರುತ್ತೀರಿ. ಈ ಸಲ ಕಾರಿನ ಶೋರೂಂ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಕೊಟ್ಟಿಗೆಯಲ್ಲೇ ಇದೆ.

"ಡಾಕ್ಟ್ರೇ, ಹಾಲು ಇಳಿದುಬಿಟ್ಟಿದೆ, ಬಂದು ನೋಡಿ" ಎಂದು ಕರೆದ ಕೆಲವು ಮನೆಗಳಲ್ಲಿ ಹಸುವಿಗೆ ರೋಗವೇ ಇರುವುದಿಲ್ಲ. ಜ್ವರವಿಲ್ಲ, ಕೆಚ್ಚಲು ಚೆನ್ನಾಗಿದೆ, ಮೆಲುಕು ಹಾಕುತ್ತಿದೆ. ಆದರೆ ಪಕ್ಕೆಲುಬು ಎಣಿಸುವಂತಿದೆ. ಹಿಂಡಿ ಎಷ್ಟು ಕೊಡುತ್ತಿದ್ದೀರಿ ಎಂದು ಕೇಳಿದರೆ, "ಮೊದಲು ನಾಲ್ಕು ಕೆಜಿ ಕೊಡ್ತಿದ್ದೆ, ಈಗ ಎರಡು" ಎಂಬ ಉತ್ತರ. ಖನಿಜ ಮಿಶ್ರಣ ನಿಲ್ಲಿಸಿ ಆರು ತಿಂಗಳಾಗಿದೆ. ಹಸುವಿನ ವಿಮೆ ನವೀಕರಿಸಿಲ್ಲ. ಯಾಕಮ್ಮ ಎಂದರೆ ಅಂಗಳದ ಕಡೆ ನೋಡುತ್ತಾರೆ. ಅಲ್ಲಿ ಟಾರ್ಪಾಲು ಹೊದ್ದ ಹೊಸ ಕಾರು ನಿಂತಿರುತ್ತದೆ. ಹಾಲಿನ ಬಿಲ್ಲಿನ ದುಡ್ಡು ಖಾತೆಗೆ ಬಂದ ವಾರದಲ್ಲೇ ಕಂತಿಗೆ ಹೋಗಿಬಿಡುತ್ತದೆ.

ನನ್ನ ವ್ಯಾಪ್ತಿಯ ಒಂದು ಊರಿನ ತಾಯಿಯೊಬ್ಬರು ಎರಡನೇ ಸೂಲಿನ, ದಿನಕ್ಕೆ 16 ಲೀಟರ್ ಕರೆಯುತ್ತಿದ್ದ ಎಚ್‌ಎಫ್ ಹಸುವನ್ನು ಕಂತು ಕಟ್ಟಲಾಗದೆ ಮಾರಿದರು. ಮಗನ ಮದುವೆಗೆ ಮುಂಚೆ ಮನೆ ಮುಂದೆ ಕಾರು ಇರಲಿ ಎಂದು ಕೊಂಡಿದ್ದರು. "ಬರೀ ಏಳು ಪರ್ಸೆಂಟ್ ಬಡ್ಡಿ" ಎಂದು ಶೋರೂಮಿನಲ್ಲಿ ಹೇಳಿದ್ದರಂತೆ. ಕಾಗದ ತರಿಸಿಕೊಂಡು ಲೆಕ್ಕ ಹಾಕಿ ನೋಡಿದೆ. ಅದು ಏಳು ಪರ್ಸೆಂಟ್ ಆಗಿರಲಿಲ್ಲ. ಆ ಲೆಕ್ಕವನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಕಾರು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು, ಮಕ್ಕಳ ಕಾಲೇಜಿಗೆ, ಹಿಂಡಿ ಬೂಸಾ ತರಲು ಗಾಡಿ ಬೇಕು. ಕೊಳ್ಳುವುದು ನಿಮ್ಮ ಹಕ್ಕು, ನಿಮ್ಮ ಖುಷಿ. ಹೇಳಿದ್ದು ಒಂದು, ಕಾಗದದಲ್ಲಿ ಇರುವುದು ಇನ್ನೊಂದು ಆದಾಗ ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಸಂತೆಯ ಬುದ್ಧಿ ಶೋರೂಮಿಗೂ ಬೇಕು

ದನದ ಸಂತೆಯಲ್ಲಿ ನಿಮ್ಮನ್ನು ಯಾಮಾರಿಸುವುದು ಸುಲಭವಲ್ಲ. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ತಂದಿದ್ದರೆ ಮುಟ್ಟಿ ನೋಡಿ ಹೇಳುತ್ತೀರಿ. ಬೇರೆ ಹಸುವಿನ ಎಳೆಗರುವನ್ನು ಪಕ್ಕದಲ್ಲಿ ಕಟ್ಟಿದ್ದರೆ, ಹಸು ಕರುವನ್ನು ಮೂಸುವ ರೀತಿಯಲ್ಲೇ ಗೊತ್ತಾಗುತ್ತದೆ. ಕೊಂಬು ಉಜ್ಜಿ ಎಣ್ಣೆ ಹಚ್ಚಿದ್ದರೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತೀರಿ. ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡಿದರೆ, ಇವನ ಪಾಲು ಎಷ್ಟು ಎಂದು ಮನಸ್ಸಿನಲ್ಲೇ ಕಳೆಯುತ್ತೀರಿ.

ಅದೇ ನೀವು ಶೋರೂಮಿನ ಗಾಜಿನ ಬಾಗಿಲು ದಾಟಿದ ಮೇಲೆ ಸುಮ್ಮನಾಗಿಬಿಡುತ್ತೀರಿ. ತಣ್ಣನೆಯ ಗಾಳಿ, ಕಾಫಿ, ಟೈ ಕಟ್ಟಿದ ಹುಡುಗ, ಅವನ ಬಾಯಲ್ಲಿ ಉದುರುವ ಇಂಗ್ಲಿಷ್. ಅವನು ಮಾತಾಡುವುದೂ ನಿಮ್ಮ ಜೊತೆ ಅಲ್ಲ, ಮಗನ ಜೊತೆ ಅಥವಾ ಯಜಮಾನರ ಜೊತೆ. ಸಹಿ ಹಾಕುವ ಹೊತ್ತಿಗೆ ಮಾತ್ರ "ಮೇಡಂ, ಇಲ್ಲೊಂದು ಸೈನ್" ಎಂದು ಕಾಗದ ನಿಮ್ಮ ಮುಂದೆ ಬರುತ್ತದೆ. ಯಾಕೆಂದರೆ ತಿಂಗಳು ತಪ್ಪದೆ ಬ್ಯಾಂಕಿಗೆ ಹಣ ಬರುವುದು ನಿಮ್ಮ ಹೆಸರಿಗೆ, ಸ್ತ್ರೀಶಕ್ತಿ ಸಂಘದ ಸಾಲ ಸರಿಯಾಗಿ ತೀರಿಸಿದ ಲೆಕ್ಕ ಇರುವುದೂ ನಿಮ್ಮ ಹೆಸರಿನಲ್ಲೇ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನೂ ಯಾವುದೋ ಹಳ್ಳಿಯವನೇ. ತಿಂಗಳಿಗೆ ಇಷ್ಟು ಗಾಡಿ, ಇಷ್ಟು ಇನ್ಶೂರೆನ್ಸ್, ಇಷ್ಟು ಸಾಲ ಎಂದು ಮೇಲಿನವರು ಗುರಿ ಕೊಟ್ಟಿರುತ್ತಾರೆ. "ಈ ಆಫರ್ ಇವತ್ತೇ ಕೊನೆ", "ಈ ಬಣ್ಣದ್ದು ಒಂದೇ ಗಾಡಿ ಉಳಿದಿದೆ, ಇನ್ನೊಬ್ಬರು ಸಂಜೆ ಬರ್ತಾರೆ" ಎಂಬ ಮಾತು ತಿಂಗಳ ಕೊನೆಯ ವಾರದಲ್ಲಿ ಹೆಚ್ಚು ಕೇಳಿಸುವುದು ಅದಕ್ಕೇ. ಸಂತೆಯಲ್ಲಿ ದಲ್ಲಾಳಿ ಹೀಗೆ ಅವಸರ ಮಾಡಿದರೆ ನೀವೇನು ಮಾಡುತ್ತೀರೋ ಅದನ್ನೇ ಮಾಡಿ, ಒಂದು ಸುತ್ತು ಹಾಕಿಕೊಂಡು ಬನ್ನಿ. ಅದೇ ಕಂಪನಿಯ ಬೇರೆ ಶೋರೂಂ ಪಕ್ಕದ ಊರಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಇರುತ್ತದೆ. ಎರಡು ಕಡೆಯ ಕೊಟೇಶನ್ ಕೈಯಲ್ಲಿದ್ದರೆ ಮಾತಿನ ದಾಟಿಯೇ ಬದಲಾಗುತ್ತದೆ.

ಜಾಹೀರಾತಿನ ಬೆಲೆ, ಕೈಗೆ ಬರುವ ಬೆಲೆ

ಫಲಕದಲ್ಲಿ ದೊಡ್ಡದಾಗಿ ಬರೆದಿರುವುದು ಎಕ್ಸ್-ಶೋರೂಂ ಬೆಲೆ. ಅದರಲ್ಲಿ ಜಿಎಸ್‌ಟಿ ಸೇರಿರುತ್ತದೆ. ಅದರ ಮೇಲೆ ನೀವು ನ್ಯಾಯವಾಗಿ ಕೊಡಬೇಕಾದದ್ದು ಮುಖ್ಯವಾಗಿ ಎರಡು: ಸಾರಿಗೆ ಇಲಾಖೆಗೆ ಕಟ್ಟುವ ಜೀವಿತಾವಧಿ ತೆರಿಗೆ ಮತ್ತು ನೋಂದಣಿ ಶುಲ್ಕ, ಇನ್ನೊಂದು ವಿಮೆ. ಇವೆಲ್ಲ ಸೇರಿದ್ದು ಆನ್-ರೋಡ್ ಬೆಲೆ. ಹತ್ತು ಲಕ್ಷಕ್ಕಿಂತ ಹೆಚ್ಚಿನ ಗಾಡಿಯಾದರೆ ಟಿಸಿಎಸ್ ಎಂದು ಶೇಕಡಾ 1 ಹಿಡಿಯುತ್ತಾರೆ. ಅದು ಆದಾಯ ತೆರಿಗೆ ಲೆಕ್ಕಕ್ಕೆ ಹೋಗುವ ಹಣ. ನಿಮಗೆ ತೆರಿಗೆ ಬಾಕಿ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಕರ್ನಾಟಕದಲ್ಲಿ ಐದು ಲಕ್ಷದಿಂದ ಹತ್ತು ಲಕ್ಷದವರೆಗಿನ ಸ್ವಂತ ಬಳಕೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 14, ಅದರ ಮೇಲೆ ಸೆಸ್ ಬೇರೆ. ಏಳು ಲಕ್ಷದ ಕಾರಿಗೆ ಇದೊಂದೇ ಲಕ್ಷ ದಾಟುತ್ತದೆ. ಇಷ್ಟು ದೊಡ್ಡ ಮೊತ್ತದ ನಡುವೆ ಐದೋ ಹತ್ತೋ ಸಾವಿರ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊಟೇಶನ್ನಿನಲ್ಲಿ "ಆರ್‌ಟಿಒ" ಎಂದು ಒಂದೇ ಸಾಲು ಬರೆದು ಮೊತ್ತ ಹಾಕಿದ್ದರೆ ಬಿಡಿಸಿ ಬರೆಯಲು ಹೇಳಿ. ತೆರಿಗೆ ಕಟ್ಟಿದ ಮೇಲೆ ಸಾರಿಗೆ ಇಲಾಖೆಯ ರಸೀದಿ ಬರುತ್ತದೆ. ಅದನ್ನು ಕೇಳಿ ಪಡೆಯಿರಿ. ನಿಮ್ಮಿಂದ ತೆಗೆದುಕೊಂಡದ್ದಕ್ಕೂ ರಸೀದಿಯಲ್ಲಿ ಇರುವುದಕ್ಕೂ ವ್ಯತ್ಯಾಸವಿದ್ದರೆ ಅದು ನಿಮ್ಮ ಹಣ.

ಹ್ಯಾಂಡ್ಲಿಂಗ್ ಚಾರ್ಜ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್ ಎಂಬ ಸಾಲು ಕಂಡರೆ ಅಲ್ಲೇ ಬೆರಳಿಟ್ಟು ಕೇಳಿ. ಕಾರ್ಖಾನೆಯಿಂದ ಶೋರೂಮಿಗೆ ಗಾಡಿ ತಂದ ಖರ್ಚು ಎಕ್ಸ್-ಶೋರೂಂ ಬೆಲೆಯಲ್ಲೇ ಸೇರಿರುತ್ತದೆ. ಸಂಘದಲ್ಲಿ ಪಶು ಆಹಾರದ ಚೀಲ ಕೊಳ್ಳುವಾಗ ಚೀಲದ ಬೆಲೆಯ ಮೇಲೆ "ಗೋಡೌನಿನಿಂದ ಎತ್ತಿ ತಂದ ಕೂಲಿ" ಎಂದು ಇನ್ನೊಂದು ಐವತ್ತು ಕೇಳಿದರೆ ಕೊಡುತ್ತೀರಾ? ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟೂ ಹಾಗೆಯೇ. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗೆ ಅದನ್ನು ಕಂಪನಿಯೇ ಗಾಡಿಯ ಜೊತೆ ಕೊಡಬೇಕು. ಸ್ಕೂಟರ್ ಕೊಳ್ಳುವವರಿಗೆ ಇನ್ನೊಂದು ಮಾತು, ದ್ವಿಚಕ್ರ ವಾಹನದ ಜೊತೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಕೇಳಿದವರಿಗೆ ಸಿಗುತ್ತದೆ.

ಆಕ್ಸೆಸರಿ ಪ್ಯಾಕ್, ಟೆಫ್ಲಾನ್ ಕೋಟಿಂಗ್, ಅಡಿಭಾಗಕ್ಕೆ ಬಳಿಯುವ ಲೇಪ, ಎಕ್ಸ್‌ಟೆಂಡೆಡ್ ವಾರಂಟಿ ಇವೆಲ್ಲ ನಿಮಗೆ ಬೇಕಾದರೆ ಮಾತ್ರ. "ಇದು ಕಂಪಲ್ಸರಿ ಮೇಡಂ" ಎಂದರೆ, "ಕಂಪಲ್ಸರಿ ಎಂದು ಕೊಟೇಶನ್ನಿನಲ್ಲಿ ಬರೆದು ಸೀಲ್ ಹಾಕಿ ಕೊಡಿ" ಎನ್ನಿ. ಬರೆದುಕೊಡಲು ಕೇಳಿದ ಮೇಲೂ ಉಳಿಯುವ ಕಂಪಲ್ಸರಿಗಳು ಬಹಳ ಕಡಿಮೆ.

ರಿಯಾಯಿತಿ ಎಂದು ತೋರಿಸುವುದೆಲ್ಲ ಶೋರೂಮಿನವರದೇ ಎಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಉದ್ದ ನಾಲ್ಕು ಮೀಟರ್ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳು ಇದರಲ್ಲಿ ಬರುತ್ತವೆ. ಸರಕು ಸಾಗಿಸುವ ಗಾಡಿಗಳಿಗೂ 350 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೂ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿ "ನಿಮಗೋಸ್ಕರ ಇಷ್ಟು ಕಡಿಮೆ ಮಾಡಿದ್ದೇವೆ" ಎಂದರೆ, ಆ ಇಳಿಕೆ ಸರ್ಕಾರದ್ದು. ಇಂದಿನ ಎಕ್ಸ್-ಶೋರೂಂ ಬೆಲೆಯ ಮೇಲೆ ಎಷ್ಟು ಬಿಡುತ್ತೀರಿ ಎಂದು ಕೇಳಿ.

ವಿಮೆಯಲ್ಲಿ ಶೋರೂಮಿಗೆ ಪಾಲಿದೆ

ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಇದು ನಡೆದುಬಂದಿದೆ. ಈ ಭಾಗದ ಪ್ರೀಮಿಯಂ ಸರ್ಕಾರ ಗೊತ್ತುಮಾಡಿದ್ದು, ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, 1000 ಸಿಸಿ ಒಳಗಿದ್ದರೆ 6,521 ರೂಪಾಯಿ, ಅದರಿಂದ 1500 ಸಿಸಿವರೆಗೆ 10,640 ರೂಪಾಯಿ, ತೆರಿಗೆ ಬೇರೆ. ಕೊಟೇಶನ್ನಿನಲ್ಲಿ ನಲವತ್ತು ಸಾವಿರ ಎಂದಿದ್ದರೆ ಉಳಿದದ್ದು ನಿಮ್ಮ ಗಾಡಿಗೆ ಆಗುವ ಹಾನಿಯ ವಿಮೆ ಮತ್ತು ಅದರ ಮೇಲಿನ ಹೆಚ್ಚುವರಿ ರಕ್ಷಣೆಗಳು. ಅಲ್ಲಿ ಕಂಪನಿಯಿಂದ ಕಂಪನಿಗೆ ದರ ಬದಲಾಗುತ್ತದೆ, ಚೌಕಾಸಿಗೆ ಜಾಗವೂ ಅಲ್ಲೇ.

ನೀವು ಯಾವ ಕಂಪನಿಯ ವಿಮೆ ಬೇಕಾದರೂ ಹೊರಗಿನಿಂದ ತರಬಹುದು. "ನಮ್ಮಲ್ಲೇ ಮಾಡಿಸದಿದ್ದರೆ ವಾರಂಟಿ ಹೋಗುತ್ತೆ", "ಡೆಲಿವರಿ ಕೊಡಲ್ಲ" ಎಂಬ ಮಾತಿಗೆ ಆಧಾರವಿಲ್ಲ. ಹಾಗೆಂದು ಅತಿ ಅಗ್ಗದ್ದನ್ನು ಹುಡುಕಬೇಡಿ. ಗಾಡಿಯ ಮೌಲ್ಯವನ್ನೇ ಕಡಿಮೆ ತೋರಿಸಿ ಪ್ರೀಮಿಯಂ ಇಳಿಸಿರುತ್ತಾರೆ. ಹಸುವಿನ ವಿಮೆಯಲ್ಲಿ ಎಂಬತ್ತು ಸಾವಿರದ ಹಸುವಿಗೆ ನಲವತ್ತು ಸಾವಿರ ಬರೆಸಿದಂತೆ, ಕಷ್ಟ ಬಂದಾಗ ಅರ್ಧವೇ ಕೈಗೆ ಬರುತ್ತದೆ. ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಅಂಕಿಯನ್ನು ನೋಡಿ. ಹೊಸ ಗಾಡಿಯಾದರೆ ಅದು ಎಕ್ಸ್-ಶೋರೂಂ ಬೆಲೆಗಿಂತ ಶೇಕಡಾ 5ರಷ್ಟು ಮಾತ್ರ ಕಡಿಮೆ ಇರಬೇಕು.

"ಏಳು ಪರ್ಸೆಂಟ್" ಬಡ್ಡಿಯ ಲೆಕ್ಕ

ಈಗ ಆ ತಾಯಿಯ ಕಾಗದಕ್ಕೆ ಬರೋಣ. ಸಾಲ 6,00,000 ರೂಪಾಯಿ, ಅವಧಿ ಐದು ವರ್ಷ, ತಿಂಗಳ ಕಂತು 13,500. ಬಡ್ಡಿ ಶೇಕಡಾ 7 "ಫ್ಲಾಟ್". ಫ್ಲಾಟ್ ಎಂಬ ಈ ಒಂದು ಪದದಲ್ಲೇ ಎಲ್ಲ ಅಡಗಿದೆ.

ಫ್ಲಾಟ್ ಎಂದರೆ ಮೊದಲ ದಿನದ ಆರು ಲಕ್ಷದ ಮೇಲೆಯೇ ಐದು ವರ್ಷವೂ ಬಡ್ಡಿ. ವರ್ಷಕ್ಕೆ 42,000, ಐದು ವರ್ಷಕ್ಕೆ 2,10,000. ಅಸಲಿಗೆ ಸೇರಿಸಿದರೆ 8,10,000. ಅದನ್ನು 60 ತಿಂಗಳಿಗೆ ಹಂಚಿದರೆ 13,500. ಲೆಕ್ಕ ಸರಿಯಾಗಿಯೇ ಇದೆ, ಸುಳ್ಳೇನೂ ಹೇಳಿಲ್ಲ. ಆದರೆ ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಹೋಗುತ್ತೀರಿ. ನಾಲ್ಕನೇ ವರ್ಷದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಅಸಲು ತೀರಿರುತ್ತದೆ. ಆದರೂ ಪೂರ್ತಿ ಆರು ಲಕ್ಷಕ್ಕೆ ಬಡ್ಡಿ ಕೊಡುತ್ತಲೇ ಇರುತ್ತೀರಿ.

ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಇರುವುದು ಇಳಿಕೆ ಬಾಕಿಯ ಬಡ್ಡಿ. ಉಳಿದ ಅಸಲಿಗೆ ಮಾತ್ರ ಬಡ್ಡಿ. ಅದೇ ಆರು ಲಕ್ಷಕ್ಕೆ, ಅದೇ ಐದು ವರ್ಷಕ್ಕೆ ಬ್ಯಾಂಕಿನವರು ಇಳಿಕೆ ಬಾಕಿಯ ಮೇಲೆ ಶೇಕಡಾ 9 ಎಂದು ಹೇಳಿದರು ಎಂದುಕೊಳ್ಳಿ. ಕಂತು 12,455 ಬರುತ್ತದೆ. ಒಟ್ಟು ಬಡ್ಡಿ ಸುಮಾರು 1,47,300. ಅಂದರೆ ಕಿವಿಗೆ ಹೆಚ್ಚು ಎನಿಸುವ ಒಂಬತ್ತು, ಕಡಿಮೆ ಎನಿಸುವ ಏಳಕ್ಕಿಂತ ಸುಮಾರು 62,700 ರೂಪಾಯಿ ಅಗ್ಗ. ಆ ಏಳು ಫ್ಲಾಟನ್ನು ಇಳಿಕೆ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಹತ್ತಿರ ಹತ್ತಿರ ಹನ್ನೆರಡೂವರೆ ಪರ್ಸೆಂಟ್ ಆಗುತ್ತದೆ. ಹೋಲಿಸುವಾಗ ಎರಡೂ ಒಂದೇ ಅಳತೆಯಲ್ಲಿ ಇರಬೇಕು. ಫ್ಯಾಟ್ ಮತ್ತು ಎಸ್‌ಎನ್‌ಎಫ್ ಕೂಡಿಸಿ ಅದನ್ನೇ ಫ್ಯಾಟ್ ಎಂದು ಹೇಳಿದರೆ ನೀವು ನಗುವುದಿಲ್ಲವೇ?

ಇನ್ನೊಂದು ಉಪಾಯ ಕಂತನ್ನು ಚಿಕ್ಕದು ಮಾಡಿ ತೋರಿಸುವುದು. "12,455 ಕಷ್ಟವಾದರೆ ಏಳು ವರ್ಷ ಮಾಡೋಣ, ಬರೀ 9,653" ಎನ್ನುತ್ತಾರೆ. ಅದೇ ಶೇಕಡಾ 9ಕ್ಕೆ ಏಳು ವರ್ಷವಾದರೆ ಒಟ್ಟು ಬಡ್ಡಿ 2,10,850 ದಾಟುತ್ತದೆ, ಐದು ವರ್ಷಕ್ಕಿಂತ ಅರವತ್ತಮೂರು ಸಾವಿರಕ್ಕೂ ಹೆಚ್ಚು. ಕಂತು ಎಷ್ಟು ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿ. ಕಂತನ್ನು ತಿಂಗಳ ಸಂಖ್ಯೆಯಿಂದ ಗುಣಿಸಿ. ಮೊಬೈಲಿನಲ್ಲಿ ಆಗುವ ಲೆಕ್ಕ ಅದು.

ಈ ಲೆಕ್ಕವನ್ನು ಹಾಲಿನಲ್ಲಿ ಅಳೆದರೆ ಇನ್ನೂ ಸ್ಪಷ್ಟವಾಗುತ್ತದೆ. ಹಿಂಡಿ, ಮೇವು, ಔಷಧಿ ಎಲ್ಲ ಕಳೆದು ಲೀಟರಿಗೆ ಹತ್ತು ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. 13,500ರ ಕಂತಿಗೆ ತಿಂಗಳಿಗೆ 1,350 ಲೀಟರ್ ಬೇಕು. ದಿನಕ್ಕೆ 45 ಲೀಟರ್, ಕಂತಿಗೆ ಮಾತ್ರ. ಮೂರು ಒಳ್ಳೆಯ ಹಸು ಇರುವ ಮನೆಯ ಹಾಲೆಲ್ಲ ಅದಕ್ಕೇ ಹೋಯಿತು. ಅದೂ ಮೂರೂ ಕರೆಯುತ್ತಿದ್ದರೆ. ಕರು ಹಾಕುವ ಮುಂಚಿನ ಎರಡು ತಿಂಗಳು ಹಸುವನ್ನು ಬತ್ತಿಸಲೇಬೇಕು ಎಂದು ನಾನೇ ಪ್ರತಿ ಸಲ ಹೇಳುತ್ತೇನೆ. ಕಂತನ್ನು ಬತ್ತಿಸಲು ಬ್ಯಾಂಕಿನವರು ಒಪ್ಪುವುದಿಲ್ಲ. ಕಂತಿಗಾಗಿ ಗಬ್ಬದ ಹಸುವನ್ನು ಎಂಟನೇ ತಿಂಗಳವರೆಗೂ ಕರೆದು, ಮುಂದಿನ ಸೂಲಿನಲ್ಲಿ ಹಾಲು ಕಳೆದುಕೊಂಡವರನ್ನು ನೋಡಿದ್ದೇನೆ. ಸಾಲದ ಲೆಕ್ಕ ಹಾಕುವಾಗ ಒಂದು ಹಸು ಯಾವಾಗಲೂ ಬತ್ತಿದೆ ಎಂದೇ ಹಾಕಿ. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನವನ್ನು ಕಂತಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ಬಂದಾಗ ಬರುತ್ತದೆ, ಕಂತು ತಿಂಗಳಿಗೆ ಸರಿಯಾಗಿ ಬರುತ್ತದೆ.

ಕನ್ನಡದಲ್ಲಿ ಕೇಳಿ, ಅದು ನಿಮ್ಮ ಹಕ್ಕು

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಒಂದು ನಿಯಮ ಜಾರಿಯಲ್ಲಿದೆ. ವಾಹನ ಸಾಲವೂ ಸೇರಿ ಇಂಥ ಯಾವುದೇ ಸಾಲಕ್ಕೆ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಸಹಿಗೆ ಮುಂಚೆ ಕೆಎಫ್‌ಎಸ್ ಎಂಬ ಒಂದು ಕಾಗದ ಕೊಡಬೇಕು. ಸಾಲದ ಮುಖ್ಯಾಂಶಗಳ ಪತ್ರ ಅದು. ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ಓದಿ ವಿವರಿಸಬೇಕು ಎಂದೂ ನಿಯಮ ಹೇಳುತ್ತದೆ. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ. ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಇತರ ಖರ್ಚು ಎಲ್ಲ ಸೇರಿಸಿ ವರ್ಷಕ್ಕೆ ಸಾಲ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಎಂಬ ಅಂಕಿ ಅದು. ಫ್ಲಾಟಿನ ಆಟ ಅಲ್ಲಿ ನಡೆಯುವುದಿಲ್ಲ. ಎರಡು ಕಡೆಯ ಎಪಿಆರ್ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಪತ್ರ ಕೈಗೆ ಬಂದ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ನಿಮಗಿರುತ್ತದೆ, ಅಷ್ಟು ದಿನ ಅದೇ ಷರತ್ತು ಉಳಿಯಬೇಕು. ಆ ಪತ್ರದಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ವಸೂಲಿ ಮಾಡುವಂತಿಲ್ಲ.

ಶೋರೂಮಿನವರೇ ಸಾಲ ಮಾಡಿಸುತ್ತಾರೆ ಎಂದು ಅಲ್ಲೇ ಮಾಡಿಸಬೇಕಿಲ್ಲ. ಸಾಲ ಕೊಡಿಸಿದ್ದಕ್ಕೂ ಅವರಿಗೆ ಕಮಿಷನ್ ಸಿಗುತ್ತದೆ. ನಿಮ್ಮ ಹಾಲಿನ ಹಣ ಬರುವ ಬ್ಯಾಂಕಿನಲ್ಲಿ ಮೊದಲು ಕೇಳಿ. ಮಹಿಳೆಯರ ಹೆಸರಿಗೆ ಸಾಲವಾದರೆ ಕೆಲವು ಬ್ಯಾಂಕುಗಳಲ್ಲಿ ಬಡ್ಡಿಯಲ್ಲಿ ಸ್ವಲ್ಪ ರಿಯಾಯಿತಿ ಇರುತ್ತದೆ, ಕೇಳಿದರೆ ಹೇಳುತ್ತಾರೆ.

ಸಹಿ ಹಾಕುವ ಮುಂಚೆ ಇನ್ನೊಂದು ಪ್ರಶ್ನೆಯನ್ನು ಮನೆಯಲ್ಲೇ ಕೇಳಿಕೊಳ್ಳಿ: ಗಾಡಿ ಯಾರ ಹೆಸರಿಗೆ, ಸಾಲ ಯಾರ ಹೆಸರಿಗೆ? ಆರ್‌ಸಿ ಮಗನ ಹೆಸರಿನಲ್ಲಿ, ನೀವು ಸಹ ಅರ್ಜಿದಾರರು ಅಥವಾ ಜಾಮೀನುದಾರರು ಎಂದಾದರೆ, ಗಾಡಿಯ ಮೇಲೆ ನಿಮಗೆ ಹಕ್ಕಿಲ್ಲ, ಸಾಲದ ಮೇಲೆ ಪೂರ್ತಿ ಹೊಣೆ ಇದೆ. ಕಂತು ತಪ್ಪಿದರೆ ನಿಮ್ಮ ಹೆಸರಿನ ಸಿಬಿಲ್ ಕೆಡುತ್ತದೆ, ನಾಳೆ ಹಸು ಸಾಲಕ್ಕೆ ಹೋದಾಗ ಬ್ಯಾಂಕಿನವರು ಅದನ್ನೇ ತೋರಿಸುತ್ತಾರೆ. ಮಗನ ಮೇಲೆ ನಂಬಿಕೆ ಇದ್ದರೆ ಸಹಿ ಮಾಡಿ, ಅದು ನಿಮ್ಮ ಮನೆಯ ವಿಚಾರ. ಆದರೆ ಏನಕ್ಕೆ ಸಹಿ ಮಾಡಿದೆ ಎಂಬುದು ತಿಳಿದಿರಲಿ. ಖಾಲಿ ಕಾಗದ, ಖಾಲಿ ಚೆಕ್ಕು, ಭರ್ತಿ ಮಾಡದ ಅರ್ಜಿ ಇವಕ್ಕೆ ಮಾತ್ರ ಯಾರು ಹೇಳಿದರೂ ಸಹಿ ಬೇಡ. "ಆಮೇಲೆ ನಾವೇ ತುಂಬಿಸಿಕೊಳ್ತೀವಿ" ಎಂದರೆ, "ತುಂಬಿಸಿ ಕೊಡಿ, ಕಾಯ್ತೀನಿ" ಎಂದು ಕುಳಿತುಕೊಳ್ಳಿ. ಸಂಜೆ ಹಾಲು ಕರೆಯುವ ಹೊತ್ತಾಯಿತು ಎಂಬ ನಿಮ್ಮ ಅವಸರ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಶೋರೂಮಿಗೆ ಹೋಗುವ ದಿನ ಸಂಜೆಯ ಕರೆಯುವಿಕೆಗೆ ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ.

ಹಳೆ ಗಾಡಿ ಕೊಟ್ಟರೆ

ಹಳೆಯ ಸ್ಕೂಟರೋ ಕಾರೋ ಎಕ್ಸ್‌ಚೇಂಜಿಗೆ ಕೊಡುವಾಗ "ಬೋನಸ್" ಎಂದು ಒಂದು ಮೊತ್ತ ತೋರಿಸುತ್ತಾರೆ. ಬೋನಸ್ ದೊಡ್ಡದು, ಹಳೆ ಗಾಡಿಯ ಬೆಲೆ ಚಿಕ್ಕದು. ಎರಡನ್ನೂ ಕೂಡಿಸಿ, ಹೊರಗೆ ಮಾರಿದರೆ ಎಷ್ಟು ಬರುತ್ತದೆ ಎಂಬುದರ ಜೊತೆ ಹೋಲಿಸಿ.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು ಆ ಗಾಡಿ ಎಲ್ಲೋ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರ ಮೇಲೆ ಬರುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಗಾಡಿ ಒಪ್ಪಿಸಿದ ದಿನ, ಹೊತ್ತು, ಮೀಟರ್ ಓಡಿದ ಕಿಲೋಮೀಟರ್ ಬರೆದ ರಸೀದಿ ತೆಗೆದುಕೊಳ್ಳಿ. ವರ್ಗಾವಣೆಯ ನಮೂನೆ 29 ಮತ್ತು 30ರ ಪ್ರತಿ ನಿಮ್ಮ ಬಳಿ ಇರಲಿ. ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ.

ಡೆಲಿವರಿ ದಿನ

ಹೂವಿನ ಹಾರ, ಕೇಕು, ಫೋಟೊ ಇವುಗಳ ಮುಂಚೆ ಗಾಡಿಯ ಹಲ್ಲು ನೋಡಿ. ಕಾರಿಗೂ ಹಲ್ಲಿದೆ, ಅದು 17 ಅಕ್ಷರ ಅಂಕಿಗಳ ಚಾಸಿ ನಂಬರ್. ತಯಾರಾದ ವರ್ಷದ ಗುರುತು ಅದರಲ್ಲೇ ಅಡಗಿರುತ್ತದೆ. ಯಾವ ಅಕ್ಷರ ಯಾವ ವರ್ಷ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ತಯಾರಾದ ತಿಂಗಳು ಮತ್ತು ವರ್ಷವನ್ನು ಇನ್‌ವಾಯ್ಸಿನ ಮೇಲೆ ಬರೆಸಿಕೊಳ್ಳುವುದು ಸುಲಭ. ಆಮೇಲೆ ಆರ್‌ಸಿಯಲ್ಲೂ ಅದು ಬರುತ್ತದೆ. ಕಳೆದ ವರ್ಷ ತಯಾರಾಗಿ ಬಿಸಿಲಲ್ಲಿ ನಿಂತಿದ್ದ ಗಾಡಿಯನ್ನು ಹೊಸ ವರ್ಷದ ಬೆಲೆಗೆ ಕೊಡುವುದು ಜನವರಿ, ಫೆಬ್ರವರಿಯಲ್ಲಿ ಹೆಚ್ಚು. ಹಳೆಯದೇ ಕೊಳ್ಳುವುದಾದರೆ ತಪ್ಪಿಲ್ಲ, ಬೆಲೆ ಇಳಿಸಿ ಕೊಳ್ಳಿ.

ನೋಂದಣಿಗೆ ಮುಂಚೆಯೇ ಹಗಲು ಬೆಳಕಿನಲ್ಲಿ ಗಾಡಿ ನೋಡಿ. ನೋಂದಣಿಯಾದ ಮೇಲೆ ಗೀರು ಕಂಡರೆ ಬದಲಿಸಿ ಕೊಡುವುದಿಲ್ಲ. ಮೀಟರ್ ಎಷ್ಟು ಓಡಿದೆ ನೋಡಿ. ಚಾಸಿ ನಂಬರನ್ನು ಇನ್‌ವಾಯ್ಸ್, ವಿಮೆ, ಗಾಡಿ ಮೂರರಲ್ಲೂ ಹೋಲಿಸಿ. ಇದೆಲ್ಲ ಹತ್ತು ನಿಮಿಷದ ಕೆಲಸ.

ಮೋಸ ಆಗಿದ್ದರೆ

ಮೊದಲು ಶೋರೂಮಿನ ಮ್ಯಾನೇಜರಿಗೆ ಬರೆದು ಕೊಡಿ. ಬಾಯಿ ಮಾತು ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲ್ ಹಾಕಿಸಿಕೊಳ್ಳಿ. ಅದೇ ಕಾಗದವನ್ನು ತಯಾರಿಕಾ ಕಂಪನಿಗೂ ಕಳಿಸಿ. ಶೋರೂಂ ಕಂಪನಿಗೆ ಹೆದರುತ್ತದೆ, ನಮಗಿಂತ ಹೆಚ್ಚು.

ಅಲ್ಲಿ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ವಿಮೆಯ ದೂರಾದರೆ 155255, ಸಾಲ ಕೊಟ್ಟ ಬ್ಯಾಂಕಿನ ವಿರುದ್ಧವಾದರೆ ರಿಸರ್ವ್ ಬ್ಯಾಂಕಿನ 14448. ಆದರೆ ರಿಸರ್ವ್ ಬ್ಯಾಂಕಿನ ಬಳಿ ಹೋಗುವ ಮುಂಚೆ ಆ ಬ್ಯಾಂಕಿಗೇ ಲಿಖಿತ ದೂರು ಕೊಟ್ಟು 30 ದಿನ ಕಾದಿರಬೇಕು.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಕೋರ್ಟು ಎಂದು ಹೆದರಬೇಡಿ. ವಕೀಲರನ್ನು ಇಡಲೇಬೇಕೆಂದಿಲ್ಲ, ನೀವೇ ಮಾತಾಡಬಹುದು. ಕೊಂಡ ಬೆಲೆ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ಶೋರೂಂ ಬೆಂಗಳೂರಿನಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ಒಳ್ಳೆಯ ಬದಲಾವಣೆ ಇದು. ಹಾಲು, ಮೇವು ಸಾಗಿಸಲು ಚಿಕ್ಕ ಸರಕು ಗಾಡಿ ಕೊಂಡವರಿಗೆ "ಇದು ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರಲ್ಲ" ಎಂದು ಶೋರೂಮಿನವರು ವಾದಿಸಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರು ಗ್ರಾಹಕರೇ ಎಂದು ಕಾಯ್ದೆಯಲ್ಲಿದೆ.

ದೂರು ಕೊಡಲು ಎರಡು ವರ್ಷದ ಮಿತಿ ಇದೆ. ಅಷ್ಟು ದಿನ ಕಾಗದ ಉಳಿದಿರಬೇಕಲ್ಲ? ಕೊಟೇಶನ್, ಬುಕ್ಕಿಂಗ್ ರಸೀದಿ, ಇನ್‌ವಾಯ್ಸ್, ತೆರಿಗೆ ರಸೀದಿ, ವಿಮೆ, ಕೆಎಫ್‌ಎಸ್ ಎಲ್ಲವನ್ನೂ ಹಸುಗಳ ವಿಮೆ ಪತ್ರ, ಕಿವಿಯೋಲೆ ನಂಬರಿನ ಕಾಗದ ಇಡುವ ಚೀಲದಲ್ಲೇ ಇಡಿ. ಸೇಲ್ಸ್ ಹುಡುಗ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶಗಳನ್ನೂ ಅಳಿಸಬೇಡಿ. "ಬಡ್ಡಿ 7% ಅಷ್ಟೇ ಮೇಡಂ" ಎಂದು ಅವನೇ ಬರೆದಿದ್ದರೆ ಅದೂ ಸಾಕ್ಷಿ.

ಕೊಟೇಶನ್ ಅರ್ಥವಾಗದಿದ್ದರೆ ಸಹಿಗೆ ಮುಂಚೆ ಸಂಘಕ್ಕೆ ತನ್ನಿ. ಕಾರ್ಯದರ್ಶಿಯ ಬಳಿ ಕ್ಯಾಲ್ಕುಲೇಟರ್ ಇದೆ. ಚಿಕಿತ್ಸೆಗೆ ನಾನು ನಿಮ್ಮ ಊರಿಗೆ ಬಂದ ದಿನವಾದರೆ ನನಗೂ ತೋರಿಸಬಹುದು, ಹಸು ನೋಡಿದ ಮೇಲೆ.